ಡಿಜಿಟಲ್ ಮಿಕ್ಸರ್ ಮೌನವಾದಾಗ ಎಲ್ಲಿಂದ ಹುಡುಕಬೇಕು?

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಚರ್ಚುಗಳ ಧ್ವನಿವರ್ಧಕ ವ್ಯವಸ್ಥೆ ಬಹಳ ಬದಲಾಗಿದೆ. ಸಾಲು ಸಾಲು ನಾಬ್‌ಗಳಿದ್ದ ಹಳೆಯ ಅನಲಾಗ್ ಮಿಕ್ಸರ್ ಇದ್ದ ಜಾಗಕ್ಕೆ ಪರದೆಯುಳ್ಳ ಡಿಜಿಟಲ್ ಮಿಕ್ಸರ್ ಬಂದಿದೆ. ಗಾಯನ ಮಂಡಳಿಯ ಬಳಿ ಅಥವಾ ಬಲಿಪೀಠದ ಬದಿಯಲ್ಲಿ ಸ್ಟೇಜ್ ಬಾಕ್ಸ್ ಎಂಬ ಪೆಟ್ಟಿಗೆ ಸೇರಿಕೊಂಡಿದೆ. 2012ರಲ್ಲಿ ಬೆರಿಂಗರ್ ಕಂಪೆನಿಯ ಎಕ್ಸ್32 ಮಾರುಕಟ್ಟೆಗೆ ಬಂದ ಮೇಲೆ, ಅದುವರೆಗೆ ದೊಡ್ಡ ಸಭಾಂಗಣಗಳಿಗೆ ಮಾತ್ರ ಎಟಕುತ್ತಿದ್ದ ಈ ತಂತ್ರಜ್ಞಾನ ಸಾಧಾರಣ ಧರ್ಮಕೇಂದ್ರಗಳ ಕೈಗೂ ಎಟಕುವಂತಾಯಿತು.

ಆದರೆ ಉಪಕರಣ ಬಂದಷ್ಟು ಬೇಗ ಅದರ ತಿಳಿವಳಿಕೆ ಬರಲಿಲ್ಲ. ಹೆಚ್ಚಿನ ಕಡೆ ಮಿಕ್ಸರ್ ನೋಡಿಕೊಳ್ಳುವವರು ಒಬ್ಬರೇ ಯುವಕರು. ಅವರು ಕೆಲಸಕ್ಕಾಗಿ ಬೆಂಗಳೂರಿಗೋ ಗಲ್ಫ್‌ಗೋ ಹೋದರೆಂದರೆ ಆ ವಿದ್ಯೆಯೂ ಅವರೊಂದಿಗೆ ಹೋಗುತ್ತದೆ. ಉಳಿದವರು ಹೆದರಿ ಮುಟ್ಟುವುದಿಲ್ಲ, ಇಲ್ಲವೇ ಸಿಕ್ಕಿದ್ದನ್ನೆಲ್ಲ ಒತ್ತಿ ನೋಡುತ್ತಾರೆ. ಕೊನೆಗೆ "ಮಿಕ್ಸರ್ ಹಾಳಾಗಿದೆ, ಹೊಸತು ತರಬೇಕು" ಎಂಬ ಮಾತು ಪಾಲನಾ ಮಂಡಳಿಯ ಸಭೆಗೆ ಬರುತ್ತದೆ. ಇಂತಹ ಬಹಳಷ್ಟು ಸಂದರ್ಭಗಳಲ್ಲಿ ಮಿಕ್ಸರ್ ಹಾಳಾಗಿರುವುದಿಲ್ಲ. ಧ್ವನಿ ಸಾಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಬಿದ್ದಿರುತ್ತದೆ. ಆ ದಾರಿಯನ್ನು ಕ್ರಮವಾಗಿ ಹುಡುಕುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಬಯಸುತ್ತೇವೆ.

ಇದು ಕೇವಲ ಯಂತ್ರದ ವಿಷಯವಲ್ಲ. ಧ್ವನಿ ಸರಿಯಿಲ್ಲದ ಭಾನುವಾರ ಮುಂದಿನ ಸಾಲಿನವರು ಹೇಗೋ ಕೇಳಿಸಿಕೊಳ್ಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತ, ಕಿವಿ ಮಂದವಾದ ಹಿರಿಯರಿಗೆ ವಾಚನವೂ ಇಲ್ಲ, ಪ್ರವಚನವೂ ಇಲ್ಲ. ಅವರು ದೂರು ಹೇಳುವುದೂ ಅಪರೂಪ. ಯಾಜಕರು ಮತ್ತು ವಾಚಕರ ಮಾತು ಆಧುನಿಕ ಉಪಕರಣಗಳ ನೆರವಿನಿಂದ ಭಕ್ತರಿಗೆ ಸುಲಭವಾಗಿ ಕೇಳುವಂತಿರಬೇಕು ಎಂಬ ಆಶಯ ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳ 311ನೇ ಕಲಮಿನಲ್ಲಿಯೇ ಇದೆ.

ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ

ಅನಲಾಗ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಮೈಕ್‌ಗೂ ಅದರದೇ ತಂತಿ ಇರುತ್ತಿತ್ತು. ಹದಿನಾರು ಮೈಕ್ ಇದ್ದರೆ ಹದಿನಾರು ಜೊತೆ ತಂತಿಗಳ ದಪ್ಪ ಕೇಬಲ್ ಬಲಿಪೀಠದಿಂದ ಮಿಕ್ಸರ್‌ವರೆಗೆ ಹೋಗುತ್ತಿತ್ತು. ಮೂರನೇ ಸಾಕೆಟ್‌ಗೆ ಚುಚ್ಚಿದ ಮೈಕ್ ಮೂರನೇ ಫೇಡರ್‌ನಲ್ಲೇ ಬರುತ್ತಿತ್ತು. ಕಣ್ಣಿನಿಂದ ನೋಡಿಯೇ ದಾರಿ ಗುರುತಿಸಬಹುದಿತ್ತು.

ಡಿಜಿಟಲ್ ವ್ಯವಸ್ಥೆಯಲ್ಲಿ ಸ್ಟೇಜ್ ಬಾಕ್ಸ್ ಮೈಕ್‌ನ ಸಂಕೇತವನ್ನು ಅಲ್ಲಿಯೇ ಅಂಕಿಗಳನ್ನಾಗಿ ಪರಿವರ್ತಿಸುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 48,000 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನು 24 ಬಿಟ್‌ನಲ್ಲಿ ಬರೆದು, ಒಂದೇ ನೆಟ್‌ವರ್ಕ್ ಕೇಬಲ್ ಮೂಲಕ ಮಿಕ್ಸರ್‌ಗೆ ಕಳುಹಿಸುತ್ತದೆ. ಎಕ್ಸ್32 ಮಿಕ್ಸರ್ ಮತ್ತು ಅದರ ಎಸ್16 ಸ್ಟೇಜ್ ಬಾಕ್ಸ್ ನಡುವೆ ಇರುವ ಎಇಎಸ್50 ಎಂಬ ಸಂಪರ್ಕ ಒಂದೇ ಕೇಬಲ್‌ನಲ್ಲಿ ಎರಡೂ ದಿಕ್ಕಿಗೆ 48 ಚಾನೆಲ್‌ಗಳಂತೆ ಸಾಗಿಸುತ್ತದೆ. ಎಸ್16ರಲ್ಲಿ 16 ಮೈಕ್ ಇನ್‌ಪುಟ್‌ಗಳೂ 8 ಔಟ್‌ಪುಟ್‌ಗಳೂ ಇವೆ.

ಇದರಿಂದ ಎರಡು ಹೊಸ ವಿಷಯಗಳು ಸೇರಿಕೊಂಡವು. ಒಂದು ರೂಟಿಂಗ್: ಯಾವ ಸಾಕೆಟ್ ಯಾವ ಫೇಡರ್‌ಗೆ ಬರಬೇಕು ಎಂಬುದನ್ನು ಈಗ ತಂತಿ ತೀರ್ಮಾನಿಸುವುದಿಲ್ಲ, ಮಿಕ್ಸರ್‌ನೊಳಗಿನ ಹೊಂದಾಣಿಕೆ ತೀರ್ಮಾನಿಸುತ್ತದೆ. ಇನ್ನೊಂದು ಕ್ಲಾಕ್: ಅಳೆಯುವ ಪೆಟ್ಟಿಗೆಯೂ ಓದುವ ಪೆಟ್ಟಿಗೆಯೂ ಒಂದೇ ತಾಳದಲ್ಲಿ ನಡೆಯಬೇಕು. ಡಿಜಿಟಲ್ ವ್ಯವಸ್ಥೆಯ ವಿಚಿತ್ರ ತೊಂದರೆಗಳು ಹೆಚ್ಚಾಗಿ ಹುಟ್ಟುವುದು ಈ ಎರಡರಿಂದ ಮತ್ತು ಆ ಒಂದು ಕೇಬಲ್‌ನಿಂದ.

ಧ್ವನಿಯ ಜೊತೆಗೇ ನಡೆಯಿರಿ

ಮೈಕ್, ಮೈಕ್‌ನ ಕೇಬಲ್, ಸ್ಟೇಜ್ ಬಾಕ್ಸ್‌ನ ಇನ್‌ಪುಟ್, ನೆಟ್‌ವರ್ಕ್ ಕೇಬಲ್, ರೂಟಿಂಗ್, ಚಾನೆಲ್, ಔಟ್‌ಪುಟ್, ಆಂಪ್ಲಿಫೈಯರ್, ಸ್ಪೀಕರ್. ಧ್ವನಿ ಸಾಗುವುದು ಇದೇ ಕ್ರಮದಲ್ಲಿ. ಹುಡುಕುವವರೂ ಇದೇ ಕ್ರಮದಲ್ಲಿ ಹೋಗಬೇಕು.

ಮೊದಲು ಮಾಡಬೇಕಾದ ಕೆಲಸ ಒಂದೇ. ಒಬ್ಬರು ಮೈಕ್ ಮುಂದೆ ನಿಂತು ಮಾತನಾಡುತ್ತಾ ಇರಲಿ. ಇನ್ನೊಬ್ಬರು ಮಿಕ್ಸರ್‌ನಲ್ಲಿ ಆ ಚಾನೆಲ್‌ನ ಮೀಟರ್ ನೋಡಲಿ. ಮೀಟರ್ ಕುಣಿಯುತ್ತಿದ್ದರೆ ಮೈಕ್‌ನಿಂದ ಚಾನೆಲ್‌ವರೆಗಿನ ದಾರಿ ಸರಿಯಾಗಿದೆ, ತೊಂದರೆ ಮುಂದಿದೆ. ಮೀಟರ್ ಅಲುಗಾಡದಿದ್ದರೆ ತೊಂದರೆ ಹಿಂದಿದೆ. ಇಷ್ಟರಲ್ಲೇ ಅರ್ಧ ಹುಡುಕಾಟ ಮುಗಿಯಿತು. ಹಿಂದಿದ್ದರೆ ಸ್ಟೇಜ್ ಬಾಕ್ಸ್‌ನ ಮುಖದಲ್ಲಿ ಆ ಇನ್‌ಪುಟ್ ಆಯ್ದುಕೊಂಡು ಅಲ್ಲಿನ ಸಣ್ಣ ಮೀಟರ್ ನೋಡಿ. ಅಲ್ಲಿ ಧ್ವನಿ ಇದ್ದು ಮಿಕ್ಸರ್‌ನಲ್ಲಿ ಇಲ್ಲವೆಂದರೆ ನೆಟ್‌ವರ್ಕ್ ಕೇಬಲ್ ಅಥವಾ ರೂಟಿಂಗ್. ಅಲ್ಲಿಯೂ ಇಲ್ಲವೆಂದರೆ ಮೈಕ್ ಅಥವಾ ಅದರ ಕೇಬಲ್.

ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಿ. ಮೈಕ್, ಕೇಬಲ್, ಸಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಧ್ವನಿ ಬರಬಹುದು, ಆದರೆ ಹಾಳಾದದ್ದು ಯಾವುದೆಂದು ತಿಳಿಯುವುದಿಲ್ಲ. ಆ ಹಾಳಾದ ಕೇಬಲ್ ಮತ್ತೆ ಪೆಟ್ಟಿಗೆ ಸೇರಿ ಮುಂದಿನ ಹಬ್ಬದ ದಿನ ಹೊರಬರುತ್ತದೆ.

ಒಂದೇ ಮೈಕ್ ಕೇಳದಿದ್ದರೆ

ಮ್ಯೂಟ್ ಗುಂಡಿ ನೋಡಿ. ಮ್ಯೂಟ್ ಗ್ರೂಪ್ ಮತ್ತು ಡಿಸಿಎ ಫೇಡರ್‌ಗಳನ್ನೂ ನೋಡಿ. ಚಾನೆಲ್ ತೆರೆದಿದ್ದರೂ ಅದು ಸೇರಿರುವ ಗುಂಪು ಮುಚ್ಚಿದ್ದರೆ ಧ್ವನಿ ಬರುವುದಿಲ್ಲ. ವಾಚನ ಪೀಠದ ಮೇಲಿನ ಸಪೂರ ಬಾಗುವ ಮೈಕ್‌ಗಳು ಸಾಮಾನ್ಯವಾಗಿ ಕಂಡೆನ್ಸರ್ ಮಾದರಿಯವು. ಅವುಗಳಿಗೆ 48 ವೋಲ್ಟ್‌ನ ಫ್ಯಾಂಟಮ್ ಪವರ್ ಬೇಕು. ಹಾಡುಗಾರರು ಕೈಯಲ್ಲಿ ಹಿಡಿಯುವ ಡೈನಾಮಿಕ್ ಮೈಕ್‌ಗೆ ಅದು ಬೇಕಾಗಿಲ್ಲ. ಫ್ಯಾಂಟಮ್ ಪವರ್ ಹಾಕುವ ಮತ್ತು ತೆಗೆಯುವ ಮೊದಲು ಚಾನೆಲ್ ಮ್ಯೂಟ್ ಮಾಡಿ. ಇಲ್ಲವಾದರೆ ಸ್ಪೀಕರ್‌ನಲ್ಲಿ ದೊಡ್ಡ ಸದ್ದಾಗುತ್ತದೆ.

ಇನ್ನೊಂದು ಸಾಮಾನ್ಯ ಗೊಂದಲವಿದೆ. ಡಿಜಿಟಲ್ ಮಿಕ್ಸರ್‌ನ ಒಂದೇ ಫೇಡರ್ ಬೇರೆ ಬೇರೆ ಪುಟಗಳಲ್ಲಿ ಬೇರೆ ಬೇರೆ ಕೆಲಸ ಮಾಡುತ್ತದೆ. ಗಾಯನ ಮಂಡಳಿಯ ಮಾನಿಟರ್ ಸ್ಪೀಕರ್‌ಗೆ ಎಷ್ಟು ಧ್ವನಿ ಹೋಗಬೇಕೆಂದು ಹೊಂದಿಸಲು "ಸೆಂಡ್ಸ್ ಆನ್ ಫೇಡರ್" ಒತ್ತಿ, ಅದನ್ನು ಆರಿಸದೆ ಬಿಟ್ಟರೆ, ಆಮೇಲೆ ಬಂದವರು ಫೇಡರ್ ಎಷ್ಟು ಮೇಲಕ್ಕೆ ತಳ್ಳಿದರೂ ಏರುವುದು ಮಾನಿಟರ್‌ನ ಧ್ವನಿ ಮಾತ್ರ. ಜನರಿಗೆ ಕೇಳುವ ಧ್ವನಿ ಇದ್ದಲ್ಲೇ ಇರುತ್ತದೆ. ಫೇಡರ್ ಮಾತು ಕೇಳುತ್ತಿಲ್ಲ ಎನಿಸಿದಾಗ ಮೊದಲು ಈ ದೀಪ ಉರಿಯುತ್ತಿದೆಯೇ ನೋಡಿ.

ಸ್ಟೇಜ್ ಬಾಕ್ಸ್‌ನ ಎಲ್ಲ ಮೈಕ್‌ಗಳೂ ಒಟ್ಟಿಗೆ ಹೋದರೆ

ಹತ್ತು ಮೈಕ್‌ಗಳು ಒಂದೇ ಕ್ಷಣದಲ್ಲಿ ಕೆಡುವುದಿಲ್ಲ. ಆದ್ದರಿಂದ ಮೈಕ್‌ಗಳನ್ನು ಪರೀಕ್ಷಿಸುತ್ತಾ ಸಮಯ ಕಳೆಯಬೇಡಿ. ಸ್ಟೇಜ್ ಬಾಕ್ಸ್‌ಗೆ ವಿದ್ಯುತ್ ಇದೆಯೇ ನೋಡಿ. ನಂತರ ಸಂಪರ್ಕದ ದೀಪ ನೋಡಿ. ಎಸ್16ರಲ್ಲಿ ಹಸಿರು ಎಂದರೆ ಸಂಪರ್ಕ ಸರಿಯಾಗಿದೆ, ಕೆಂಪು ಎಂದರೆ ಹೊಂದಾಣಿಕೆ ತಪ್ಪಿದೆ.

ಕೆಂಪಿದ್ದರೆ ಕೇಬಲ್ ಪರೀಕ್ಷಿಸಬೇಕು. ಎಇಎಸ್50ಕ್ಕೆ ಬೇಕಾದದ್ದು ಹೊರಗವಚವುಳ್ಳ, ಅಂದರೆ ಶೀಲ್ಡೆಡ್ ಕ್ಯಾಟ್5ಇ ಕೇಬಲ್. ಎರಡೂ ತುದಿಯಲ್ಲಿ ಲೋಹದ ಕನೆಕ್ಟರ್ ಇದ್ದು, ಶೀಲ್ಡ್ ಒಂದು ತುದಿಯಿಂದ ಇನ್ನೊಂದು ತುದಿಗೆ ಕಡಿಯದೆ ಸೇರಿರಬೇಕು. ಕಂಪ್ಯೂಟರ್‌ಗೆ ಬಳಸುವ ಪ್ಲಾಸ್ಟಿಕ್ ತುದಿಯ ಅಗ್ಗದ ಕೇಬಲ್ ಹಾಕಿದರೂ ಧ್ವನಿ ಬಂದೀತು. ಆದರೆ ಯಾರಾದರೂ ಮುಟ್ಟಿದಾಗ ಹೊಮ್ಮುವ ಸಣ್ಣ ಸ್ಥಿರವಿದ್ಯುತ್ ಕಿಡಿಯೂ ಸಂಪರ್ಕವನ್ನು ಕ್ಷಣಕಾಲ ಕಡಿಯಬಹುದು. ಉದ್ದ 80 ಮೀಟರ್ ದಾಟದಿರುವುದು ಕ್ಷೇಮ. ಬಾಗಿಲ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳದಂತೆ, ಬೆಂಚಿನ ಕಾಲಿನಡಿ ಬೀಳದಂತೆ, ಚೂಪಾಗಿ ಮಡಿಸದಂತೆ ಎಳೆಯಬೇಕು.

ಈ ಕೇಬಲ್‌ನ ತುದಿ ಇಂಟರ್‌ನೆಟ್ ಕೇಬಲ್‌ನಂತೆಯೇ ಕಾಣುತ್ತದೆ. ಹಾಗೆಂದು ಇದನ್ನು ಕಚೇರಿಯ ನೆಟ್‌ವರ್ಕ್ ಸ್ವಿಚ್‌ಗೋ ರೌಟರ್‌ಗೋ ಚುಚ್ಚಿ ಮುಂದಕ್ಕೆ ಒಯ್ಯುವಂತಿಲ್ಲ. ಎಇಎಸ್50 ಎರಡು ಪೆಟ್ಟಿಗೆಗಳ ನಡುವೆ ನೇರವಾಗಿಯೇ ಹೋಗಬೇಕು. ಮಿಕ್ಸರ್‌ನಿಂದ ಬಂದ ಕೇಬಲ್ ಎಸ್16ರ ಎ ಪೋರ್ಟ್‌ಗೆ ಸೇರಬೇಕು. ಬಿ ಪೋರ್ಟ್ ಇರುವುದು ಮುಂದಿನ ಸ್ಟೇಜ್ ಬಾಕ್ಸ್‌ಗೆ ಸರಪಣಿಯಂತೆ ಜೋಡಿಸಲು.

ದೀಪ ಹಸಿರಾಗಿದ್ದೂ ಧ್ವನಿ ಇಲ್ಲದಿದ್ದರೆ ರೂಟಿಂಗ್ ನೋಡಿ. ಎಕ್ಸ್32ರಲ್ಲಿ ಇನ್‌ಪುಟ್‌ಗಳು ಎಂಟೆಂಟರ ಗುಂಪಾಗಿ ಆಯ್ಕೆಯಾಗುತ್ತವೆ. ಒಂದರಿಂದ ಎಂಟನೇ ಚಾನೆಲ್‌ಗೆ ಮಿಕ್ಸರ್‌ನ ಬೆನ್ನಿನ ಸಾಕೆಟ್‌ಗಳು ಆಯ್ಕೆಯಾಗಿದ್ದರೆ ಸ್ಟೇಜ್ ಬಾಕ್ಸ್‌ನಲ್ಲಿ ಮೈಕ್ ಎಷ್ಟು ಕೂಗಿದರೂ ಅಲ್ಲಿ ಕೇಳದು. ಮದುವೆಗೆ ಬಂದ ವಾದ್ಯಗೋಷ್ಠಿಯವರು ತಮ್ಮ ಅನುಕೂಲಕ್ಕೆ ಇದನ್ನು ಬದಲಿಸಿ ಹಾಗೆಯೇ ಬಿಟ್ಟು ಹೋಗುವುದುಂಟು.

ಟಿಕ್ ಟಿಕ್ ಸದ್ದು ಮತ್ತು ಗುಂಯ್ ಎನ್ನುವ ಸದ್ದು

ಧ್ವನಿ ಬರುತ್ತಿದೆ, ಆದರೆ ನಡುನಡುವೆ ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ ಎಂದರೆ ಕ್ಲಾಕ್ ಬಗ್ಗೆ ಸಂಶಯ ಪಡಬೇಕು. ಒಂದು ಗಾಯನ ಮಂಡಳಿಗೆ ಇಬ್ಬರು ನಿರ್ದೇಶಕರು ಎರಡು ತಾಳ ಹಾಕಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಕ್ಲಾಕ್ ನೀಡುವ ಯಜಮಾನ ಒಂದೇ ಇರಬೇಕು, ಉಳಿದವು ಅದನ್ನು ಅನುಸರಿಸಬೇಕು. ಒಂದು ಮಿಕ್ಸರ್, ಒಂದು ಸ್ಟೇಜ್ ಬಾಕ್ಸ್ ಮಾತ್ರ ಇರುವಲ್ಲಿ ಮಿಕ್ಸರ್‌ನ ಹೊಂದಾಣಿಕೆ "ಇಂಟರ್ನಲ್" ಎಂದಿದ್ದರೆ ಸಾಕು. ಎರಡನೇ ಮಿಕ್ಸರ್ ಜೋಡಿಸಿದಾಗ ಇದನ್ನು ಮರೆಯಬಾರದು. ಒಂದು 48 ಕಿಲೋಹರ್ಟ್ಜ್, ಇನ್ನೊಂದು 44.1 ಎಂದಿರಲೂಬಾರದು.

ಗುಂಯ್ ಎಂಬ ಹಮ್ ಸದ್ದು ಬೇರೆ ಬಗೆಯದು. ಅದು ಸ್ಟೇಜ್ ಬಾಕ್ಸ್‌ಗೆ ಬರುವ ಮೊದಲೇ ಸೇರಿಕೊಂಡಿದ್ದರೆ ಎಷ್ಟು ಬೆಲೆಯ ಡಿಜಿಟಲ್ ಮಿಕ್ಸರ್ ಆದರೂ ತೆಗೆಯಲಾರದು. ಕೀಬೋರ್ಡ್ ಅಥವಾ ಲ್ಯಾಪ್‌ಟಾಪ್ ಜೋಡಿಸಿದಾಗ ಹಮ್ ಬಂದರೆ ನಡುವೆ ಡಿಐ ಬಾಕ್ಸ್ ಹಾಕಿ ಅದರ ಗ್ರೌಂಡ್ ಲಿಫ್ಟ್ ಗುಂಡಿ ಬಳಸಿ. ಯಾವ ಕಾರಣಕ್ಕೂ ಪ್ಲಗ್‌ನ ಅರ್ಥ್ ಪಿನ್ ಕಡಿಯಬೇಡಿ. ಮೈಕ್ ಹಿಡಿದವರ ಜೀವಕ್ಕೇ ಅದು ಅಪಾಯ.

ಹಣ ಖರ್ಚಿಲ್ಲದ ಸುಧಾರಣೆಗಳು

ಇರುವ ಉಪಕರಣದಿಂದಲೇ ಧ್ವನಿಯನ್ನು ಬಹಳಷ್ಟು ಉತ್ತಮಪಡಿಸಬಹುದು.

ಮೊದಲನೆಯದು ಗೇನ್. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ ಎಂಬುದು ಛಾವಣಿ. ಅದನ್ನು ತಾಗಿದರೆ ಧ್ವನಿ ಒಡೆಯುತ್ತದೆ. ಸಾಮಾನ್ಯ ಮಾತಿಗೆ ಮೀಟರ್ ಮೈನಸ್ 18ರ ಆಸುಪಾಸು ಇರುವಂತೆ ಗೇನ್ ಇಡಿ. "ಹಲೋ, ಚೆಕ್" ಎಂದು ಮೆಲ್ಲಗೆ ಹೇಳಿ ಹೊಂದಿಸಬೇಡಿ. ವಾಚಕರು ನಿಜವಾಗಿ ಓದುವ ದನಿಯಲ್ಲೇ ಎರಡು ವಾಕ್ಯ ಓದಿಸಿ.

ಎರಡನೆಯದು ಲೋ ಕಟ್. ಮಾತಿನ ಮೈಕ್‌ಗಳಿಗೆ 100ರಿಂದ 120 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಕತ್ತರಿಸಿದರೆ ಫ್ಯಾನ್ ಗಾಳಿಯ ಸದ್ದು, ಪೀಠ ತಟ್ಟಿದ ಸದ್ದು ಕಡಿಮೆಯಾಗಿ ಅಕ್ಷರಗಳು ಸ್ಪಷ್ಟವಾಗುತ್ತವೆ.

ಮೂರನೆಯದು, ಬೇಡದ ಮೈಕ್ ಮುಚ್ಚುವುದು. ತೆರೆದ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಕೂಗು ಬರುವ ಮೊದಲು ನಮಗಿರುವ ಅವಕಾಶ 3 ಡೆಸಿಬಲ್‌ನಷ್ಟು ಕುಗ್ಗುತ್ತದೆ. ಸುವಾರ್ತೆಯ ವೇಳೆ ಗಾಯನ ಮಂಡಳಿಯ ಎಂಟು ಮೈಕ್ ತೆರೆದಿಡುವ ಅಗತ್ಯವಿಲ್ಲ. ಅವನ್ನೆಲ್ಲ ಒಂದು ಮ್ಯೂಟ್ ಗ್ರೂಪ್‌ಗೆ ಸೇರಿಸಿದರೆ ಒಂದೇ ಗುಂಡಿಯ ಕೆಲಸ. ವಾಚಕರು ಮೈಕ್‌ಗೆ ಅರ್ಧದಷ್ಟು ಹತ್ತಿರ ಬಂದರೆ ಸುಮಾರು 6 ಡೆಸಿಬಲ್ ಲಾಭ. ಮಿಕ್ಸರ್‌ನಲ್ಲಿ ಹುಡುಕುವ ಪರಿಹಾರ ಎಷ್ಟೋ ಸಲ ಮೈಕ್ ಮುಂದೆಯೇ ಇರುತ್ತದೆ.

ನಾಲ್ಕನೆಯದು ವಿಳಂಬ. ನಮ್ಮ ಹಳೆಯ ಚರ್ಚುಗಳ ಎತ್ತರದ ಛಾವಣಿ, ಗಟ್ಟಿ ಗೋಡೆ, ನುಣುಪು ನೆಲ ಧ್ವನಿಯನ್ನು ಮರಳಿ ಮರಳಿ ಎಸೆಯುತ್ತವೆ. ಅಲ್ಲಿ ಧ್ವನಿ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಮಧ್ಯದ ಕಂಬಗಳಿಗೆ ಸ್ಪೀಕರ್ ಹಾಕಿದ್ದರೆ ಅದರ ಧ್ವನಿ ತಕ್ಷಣ ಹೊರಡುತ್ತದೆ. ಮುಂದಿನ ಸ್ಪೀಕರ್‌ನ ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ನಡೆದು ಬರಬೇಕು. 15 ಮೀಟರ್ ಅಂತರಕ್ಕೆ ಸುಮಾರು 43 ಮಿಲಿಸೆಕೆಂಡ್ ಬೇಕು. ಹಿಂದೆ ಕುಳಿತವರಿಗೆ ಎರಡೂ ಬೇರೆ ಬೇರೆಯಾಗಿ ತಲುಪಿ ಮಾತು ಕಲಸಿಹೋಗುತ್ತದೆ. ಡಿಜಿಟಲ್ ಮಿಕ್ಸರ್‌ನಲ್ಲಿ ಆ ಔಟ್‌ಪುಟ್‌ಗೆ ಅಷ್ಟೇ ಡಿಲೇ ಕೊಟ್ಟರೆ ಎರಡೂ ಸೇರುತ್ತವೆ. ಬೇಕಾದದ್ದು ಒಂದು ಅಳತೆ ಟೇಪು ಮಾತ್ರ. ಕಂಬದ ಸ್ಪೀಕರ್‌ಗಳಿಗೆ ಪ್ರತ್ಯೇಕ ಔಟ್‌ಪುಟ್ ಇರಬೇಕು ಎಂಬುದನ್ನು ಗಮನದಲ್ಲಿಡಿ.

ಐದನೆಯದು ನೇರ ಪ್ರಸಾರ. 2020ರ ಲಾಕ್‌ಡೌನ್ ಕಾಲದಲ್ಲಿ ಬಲಿಪೂಜೆ ಮೊಬೈಲ್ ಪರದೆಗೆ ಬಂತು. ಮನೆಯಲ್ಲಿ ಹಾಸಿಗೆ ಹಿಡಿದವರಿಗಾಗಿ ಕೆಲವೆಡೆ ಇಂದಿಗೂ ನಡೆಯುತ್ತಿದೆ. ಚರ್ಚಿನೊಳಗೆ ಜನರ ಹಾಡು ತಾನಾಗಿಯೇ ಕೇಳುತ್ತದೆ, ಪ್ರಸಾರದಲ್ಲಿ ಕೇಳುವುದಿಲ್ಲ. ಆದ್ದರಿಂದ ಪ್ರಸಾರಕ್ಕೆ ಮುಖ್ಯ ಔಟ್‌ಪುಟ್ ಕೊಡದೆ ಒಂದು ಬೇರೆ ಮಿಕ್ಸ್ ಬಸ್ ಮೀಸಲಿಟ್ಟು, ಜನರ ಕಡೆಗೆ ತಿರುಗಿಸಿದ ಒಂದು ಮೈಕ್ ಅದಕ್ಕೆ ಮಾತ್ರ ಸೇರಿಸಿ.

ಉಪ್ಪುಗಾಳಿ, ಮಳೆ ಮತ್ತು ಸಿಡಿಲು

ಕರಾವಳಿಯಲ್ಲಿ ಉಪಕರಣಗಳಿಗೆ ಬೇರೆಯೇ ಶತ್ರುಗಳಿವೆ. ಉಪ್ಪು ಬೆರೆತ ತೇವದ ಗಾಳಿ ಕನೆಕ್ಟರ್‌ಗಳ ಮೇಲೆ ಕಿಲುಬು ಹಿಡಿಸುತ್ತದೆ. ಮಳೆಗಾಲದಲ್ಲಿ ವಾರದ ದಿನಗಳಲ್ಲೂ ಒಂದೆರಡು ಗಂಟೆ ಮಿಕ್ಸರ್ ಚಾಲೂ ಮಾಡಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಹೊದಿಕೆ ಹಾಕಬೇಕು, ಆದರೆ ಚಾಲೂ ಇರುವಾಗ ಗಾಳಿಕಂಡಿ ಮುಚ್ಚಬಾರದು. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಕನೆಕ್ಟರ್‌ಗಳನ್ನು ವರ್ಷಕ್ಕೊಮ್ಮೆಯಾದರೂ ಒರೆಸಿ. ಅಟ್ಟದ ಮೇಲೆ ಹಾದುಹೋಗುವ ಕೇಬಲ್ ಇಲಿಗಳ ಬಾಯಿಗೆ ಸಿಗದಂತೆ ಪೈಪಿನೊಳಗೆ ಹಾಕಿ.

ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಡಿಜಿಟಲ್ ಮಿಕ್ಸರ್ ಮತ್ತೆ ಏಳಲು ಸಮಯ ಬೇಕು. ಆದ್ದರಿಂದ ಯುಪಿಎಸ್ ಅಗತ್ಯ. ಅದು ಮಿಕ್ಸರ್‌ಗೆ ಮಾತ್ರ ಇದ್ದು ಸ್ಟೇಜ್ ಬಾಕ್ಸ್‌ಗೆ ಇಲ್ಲದಿದ್ದರೆ ಪ್ರಯೋಜನವಿಲ್ಲ. ಆರಂಭಿಸುವಾಗ ಆಂಪ್ಲಿಫೈಯರ್ ಕೊನೆಗೆ, ನಿಲ್ಲಿಸುವಾಗ ಆಂಪ್ಲಿಫೈಯರ್ ಮೊದಲು. ಮಿಕ್ಸರ್‌ನಲ್ಲಿ ಶಟ್‌ಡೌನ್ ಆಯ್ಕೆ ಇದ್ದರೆ ಅದನ್ನು ಬಳಸಿದ ಮೇಲೆಯೇ ಸ್ವಿಚ್ ಆರಿಸಿ. ಸಿಡಿಲಿನ ದಿನಗಳಲ್ಲಿ ಪೂಜೆ ಮುಗಿದೊಡನೆ ಪ್ಲಗ್ ಕಿತ್ತಿಡಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್‌ನ ತುದಿಯನ್ನೂ ಕಳಚಿಡಿ. ಸಿಡಿಲಿನ ಆಘಾತ ಅದರ ಮೂಲಕವೂ ಒಳಬರುತ್ತದೆ.

ತಿಳಿವಳಿಕೆ ಒಬ್ಬರಲ್ಲೇ ಉಳಿಯದಿರಲಿ

ಇದುವರೆಗೆ ಹೇಳಿದ್ದಕ್ಕಿಂತ ಮುಖ್ಯವಾದದ್ದು ಇದು. ಧ್ವನಿಯ ದಾರಿಯನ್ನು ಒಂದು ಹಾಳೆಯಲ್ಲಿ ಬರೆದು ಮಿಕ್ಸರ್ ಬಳಿ ಅಂಟಿಸಿ: ಯಾವ ಮೈಕ್, ಯಾವ ಸಾಕೆಟ್, ಯಾವ ಚಾನೆಲ್, ಯಾವ ಔಟ್‌ಪುಟ್ ಯಾವ ಸ್ಪೀಕರ್‌ಗೆ. ಕೇಬಲ್‌ಗಳ ಎರಡೂ ತುದಿಗೆ ಹೆಸರು ಕಟ್ಟಿ. "ಭಾನುವಾರದ ಪೂಜೆ", "ಮದುವೆ", "ಮರಣದ ಪೂಜೆ" ಎಂದು ಬೇರೆ ಬೇರೆ ಸೀನ್‌ಗಳನ್ನು ಉಳಿಸಿಡಿ. ಅವುಗಳ ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ಹಾಕಿ ಧರ್ಮಗುರುಗಳ ಕಚೇರಿಯಲ್ಲಿ ಇಡಿ. ಹೊರಗಿನವರು ಬಳಸಿ ಹೋದ ಮೇಲೆ ಭಾನುವಾರದ ಸೀನ್ ಮತ್ತೆ ತಂದರೆ ಹೆಚ್ಚಿನ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಸಾಫ್ಟ್‌ವೇರ್ ನವೀಕರಣವನ್ನು ವಾರ್ಷಿಕ ಹಬ್ಬದ ವಾರದಲ್ಲಿ ಮಾಡಬೇಡಿ.

ಎಲ್ಲವೂ ಕೈಕೊಟ್ಟ ದಿನಕ್ಕಾಗಿ ಒಂದು ತುರ್ತು ದಾರಿಯೂ ಇರಲಿ. ಒಂದು ಸಣ್ಣ ಅನಲಾಗ್ ಮಿಕ್ಸರ್, ಒಂದು ತಂತಿಯ ಮೈಕ್, ನೇರವಾಗಿ ಆಂಪ್ಲಿಫೈಯರ್‌ಗೆ ಹೋಗುವ ಒಂದು ಕೇಬಲ್. ಇಷ್ಟಿದ್ದರೆ ಹಾಡಿಗೆ ಸೊಗಸು ಬಾರದಿದ್ದರೂ ದೇವರ ವಾಕ್ಯ ಹಿಂದಿನ ಬೆಂಚಿಗೆ ತಲುಪುತ್ತದೆ.

ಪ್ರತಿ ಧರ್ಮಕೇಂದ್ರದಲ್ಲಿ ಕನಿಷ್ಠ ಮೂವರಿಗೆ ಈ ಕೆಲಸ ತಿಳಿದಿರಬೇಕು ಎಂಬುದು ನಮ್ಮ ವಿನಂತಿ. ಯುವಕರಷ್ಟೇ ಅಲ್ಲ, ಗಾಯನ ಮಂಡಳಿಯ ಸಹೋದರಿಯರೂ ಕಲಿಯಲಿ. ಊರಿನಲ್ಲೇ ಉಳಿಯುವ ಹಿರಿಯರೊಬ್ಬರೂ ಇರಲಿ. ಬರುವ ಶನಿವಾರ ಸಂಜೆ ಗಾಯನ ಅಭ್ಯಾಸದ ನಂತರ ಅರ್ಧ ಗಂಟೆ ಉಳಿದುಕೊಳ್ಳಿ. ಬಲ್ಲವರು ಒಂದು ಕೇಬಲ್ ಕಿತ್ತು ಬಿಡಲಿ, ಅಥವಾ ಒಂದು ಮ್ಯೂಟ್ ಗ್ರೂಪ್ ಒತ್ತಲಿ. ಏನು ಮಾಡಿದೆವೆಂದು ಹೇಳದಿರಲಿ. ಕಲಿಯುವವರು ಮೀಟರ್ ನೋಡಿ ಹುಡುಕಿ ತೆಗೆಯಲಿ. ಹೀಗೆ ನಾಲ್ಕು ಶನಿವಾರ ಮಾಡಿದರೆ ಭಾನುವಾರ ಬೆಳಿಗ್ಗೆ ಮಿಕ್ಸರ್ ಮುಂದೆ ಯಾರೂ ಕೈಕಟ್ಟಿ ನಿಲ್ಲುವ ಪ್ರಸಂಗ ಬರಲಾರದು.